ಅಳೆದು ಬಡಿಸಿದವಳು

ನಮ್ಮ ಅಜ್ಜಿ ಯಾವುದನ್ನೂ ಕಣ್ಣಂದಾಜಿನಲ್ಲಿ ಬಡಿಸಿದವಳಲ್ಲ. ತಾಯಿಯ ಪ್ರೀತಿಗೆ ಅಳತೆಯಿಲ್ಲ ಅನ್ನುತ್ತಾರೆ. ಅವಳು ತೀರಿಕೊಂಡಾಗ ಬಂದವರೆಲ್ಲ ಅಂಗಳದಲ್ಲಿ ಕೂತು ಅದನ್ನೇ ಅಂದರು. ತನಗೆಂದು ಏನನ್ನೂ ಇಟ್ಟುಕೊಳ್ಳದ ಜೀವ, ಮಕ್ಕಳು ಮೊಮ್ಮಕ್ಕಳಿಗಾಗಿ ಸವೆದುಹೋದ ಜೀವ ಎಂದು ಕಣ್ಣು ಒರೆಸಿಕೊಂಡರು. ಅವರ ದುಃಖ ನಿಜವಾದದ್ದು. ಆದರೆ ಅವರ ಬಾಯಲ್ಲಿ ಬರುತ್ತಿದ್ದ ಹೆಂಗಸನ್ನು ನಾನು ಕಂಡೇ ಇರಲಿಲ್ಲ. ನಾನು ಕಂಡ ಅಜ್ಜಿಯ ಪ್ರೀತಿಗೆ ಅಳತೆಯಿತ್ತು. ಸಿದ್ದೆ, ಸೇರು, ಕೊಳಗಗಳಲ್ಲಿ ಅಳೆದು ಕೊಡುತ್ತಿದ್ದಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಅವಳ ದೊಡ್ಡತನವೆಲ್ಲ ಆ ಅಳತೆಯಲ್ಲೇ ಇತ್ತು ಎಂದು ನಾನು ನಂಬಿದ್ದೇನೆ. ಅವಳನ್ನು ನೆನೆಯುವುದಾದರೆ ಅದನ್ನೇ ನೆನೆಯಬೇಕು.

ಅವಳು ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿತ್ತು, ಅವಳ ವಾರಿಗೆಯ ಎಷ್ಟೋ ಜನರ ಕಾರ್ಡಿನಲ್ಲಿ ಇರುವ ಹಾಗೆ. ವಯಸ್ಸು ಕೇಳಿದರೆ ಕಟ್ಟೆಗಳ ಲೆಕ್ಕ ಹೇಳುತ್ತಿದ್ದಳು. ಮಡೆನೂರು ಕಟ್ಟೆ ಕಟ್ಟುವಾಗ ಎಮ್ಮೆಗಳ ಹಿಂದೆ ಹೋಗುವಷ್ಟು ದೊಡ್ಡವಳು. ಲಿಂಗನಮಕ್ಕಿ ಕಟ್ಟೆ ತುಂಬುವಾಗ ಮೂರು ಮಕ್ಕಳ ತಾಯಿ, ಮೂರನೆಯದು ಇನ್ನೂ ತೊಟ್ಟಿಲಲ್ಲಿ. ಮಡೆನೂರಿನ ಕಟ್ಟೆ ಎಂದರೆ ಜೋಗದ ವಿದ್ಯುದಾಗಾರಕ್ಕಾಗಿ ಶರಾವತಿಗೆ ಅಡ್ಡ ಹಾಕಿದ ಹಿರೇಭಾಸ್ಕರ ಅಣೆಕಟ್ಟು. ಅದು ಮುಗಿದದ್ದು 1948ರಲ್ಲಿ. ಅದರ ನೀರು ಅವಳ ತವರಿನ ಗದ್ದೆಗಳನ್ನು ನುಂಗಿತು. 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಅದರ ನೀರು ಗಂಡನ ಮನೆಯನ್ನು, ಊರನ್ನು, ಕೊನೆಗೆ ಆ ಹಳೆಯ ಮಡೆನೂರು ಕಟ್ಟೆಯನ್ನೂ ಒಳಗೆ ಹಾಕಿಕೊಂಡಿತು. ಒಂದೇ ಹೊಳೆ, ಒಂದೇ ಹೆಂಗಸನ್ನು ಎರಡು ಸಲ ಎಬ್ಬಿಸಿತು. ಹೊಳೆಯನ್ನು ಅವಳು ಎಂದೂ ಬೈದದ್ದು ಕೇಳಿಲ್ಲ. ಕಟ್ಟೆ ಕಟ್ಟಿದವರನ್ನೂ ಬೈಯುತ್ತಿರಲಿಲ್ಲ. ಆದರೆ ಕಳೆದುಕೊಂಡದ್ದು ಎಷ್ಟು ಎಂಬ ಲೆಕ್ಕ ಮಾತ್ರ ಅವಳಲ್ಲಿ ಪಕ್ಕಾ ಇತ್ತು: ಬಿತ್ತನೆಯ ಲೆಕ್ಕದಲ್ಲಿ ಇಂತಿಷ್ಟು ಖಂಡುಗದ ಗದ್ದೆ, ಇಷ್ಟು ಹಲಸಿನ ಮರ, ಒಂದು ಬಾವಿ, ಎತ್ತಿ ತರಲಾಗದ ಒಂದು ಒರಳು.

ಅಳತೆಯ ಮೇಲೆ ಅವಳಿಗೆ ಅಷ್ಟು ನಿಷ್ಠೆ ಹೇಗೆ ಬಂತು ಎಂಬುದನ್ನು ಅವಳೇ ಹೇಳಿದ್ದಳು. ಗೇಣಿ ಮನೆಯಲ್ಲಿ ಹುಟ್ಟಿದವಳು. ಸಾಗರ, ಸೊರಬದ ಕಡೆಯ ನಮ್ಮ ದೀವರ ಸಮುದಾಯದಲ್ಲಿ ಬಹಳಷ್ಟು ಜನ ಆಗ ಗೇಣಿದಾರರೇ. ಉಳುವ ಗದ್ದೆ ಒಡೆಯರದು, ಬೆಳೆದ ಭತ್ತದಲ್ಲಿ ಒಡೆಯರ ಪಾಲು ಅಳೆದು ಕೊಟ್ಟ ಮೇಲೆ ಉಳಿದದ್ದು ಮಾತ್ರ ತಮ್ಮದು. ಆ ಅಳೆಯುವ ಕೊಳಗದಲ್ಲೇ ಮೋಸವಿತ್ತು. ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಅದಕ್ಕಿಂತ ದೊಡ್ಡ ಇನ್ನೊಂದು ಕೊಳಗ. 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿಬಿದ್ದದ್ದಕ್ಕೆ ಆ ಕೊಳಗವೂ ಒಂದು ಕಾರಣ. ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟುಗೂಡಿಸಿದರು, ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಬೆನ್ನಿಗೆ ನಿಂತರು, ರಾಮಮನೋಹರ ಲೋಹಿಯಾ ಸಾಗರಕ್ಕೇ ಬಂದು ಬಂಧನಕ್ಕೊಳಗಾದರು. ಇದೆಲ್ಲ ಪುಸ್ತಕಗಳಲ್ಲಿದೆ. ಅಜ್ಜಿಗೆ ಆಗ ಹದಿಮೂರರ ಆಸುಪಾಸು. ಅವಳ ನೆನಪಿನಲ್ಲಿದ್ದದ್ದು ಭಾಷಣವಲ್ಲ, ಮೆರವಣಿಗೆಯೂ ಅಲ್ಲ. ಗೇಣಿ ಅಳೆದು ಕೊಟ್ಟು ಬಂದ ರಾತ್ರಿ ಅವಳ ಅವ್ವ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಉಳಿದ ಭತ್ತವನ್ನು ಮನೆಯ ಕೊಳಗದಲ್ಲಿ ಮತ್ತೊಮ್ಮೆ ಅಳೆಯುತ್ತಿದ್ದದ್ದು. ಅಳೆದು, ಎಷ್ಟು ತಿಂಗಳಿಗೆ ಬಂದೀತು ಎಂದು ಲೆಕ್ಕ ಹಾಕಿ, ಏನೂ ಮಾತಾಡದೆ ಭತ್ತ ತುಂಬುವ ಪಣತದ ಬಾಗಿಲು ಹಾಕುತ್ತಿದ್ದದ್ದು. "ಕೊಳಗ ದೊಡ್ಡದಾದ್ರೆ ಎಂತ ಆಗ್ತದೆ ಗೊತ್ತನಾ ಮಗಾ? ಮಳೆಗಾಲದ ಕಡೇಲಿ ಮಕ್ಕಳ ಹೊಟ್ಟೆ ಸಣ್ಣ ಆಗ್ತದೆ" ಎಂದು ನನಗೆ ಹೇಳಿದ್ದಳು. ರಾಜಕೀಯವನ್ನು ನನಗೆ ಇದಕ್ಕಿಂತ ಚೆನ್ನಾಗಿ ಯಾವ ಕಾಲೇಜಿನ ಮೇಷ್ಟ್ರೂ ತಿಳಿಸಿಲ್ಲ.

ನಾನು ಓದಿಗಾಗಿ ಅಜ್ಜಿಯ ಮನೆಯಲ್ಲೇ ಬೆಳೆದವಳು. ಸೊರಬದ ಕಡೆ ವರದಾ ಹೊಳೆಯ ಬಯಲಿನ ಊರು. ಮನೆ ತುಂಬ ಜನ: ಅಜ್ಜ, ಇಬ್ಬರು ಮಾವಂದಿರು, ಅತ್ತೆಯರು, ಅವರ ಮಕ್ಕಳು, ಆಗಿನ್ನೂ ಮದುವೆಯಾಗದ ಕಿರಿಯ ಚಿಕ್ಕಮ್ಮ, ನಾನು. ಅಕ್ಕಿ ಅಳೆಯುವ ಕೆಲಸ ಅಜ್ಜಿಯದೇ. ಮೊಂಡಾದ ಅಂಚಿನ ಹಿತ್ತಾಳೆಯ ಸಿದ್ದೆಯಲ್ಲಿ ತಲೆಯ ಲೆಕ್ಕ ಹಿಡಿದು ಅಳೆಯುವಳು. ಅಂಗೈಯಿಂದ ಸಿದ್ದೆಯ ಬಾಯನ್ನು ಸವರಿ ಸಮ ಮಾಡುವಳು. ಅಂಗಡಿಯಲ್ಲಿ ಕಿಲೋಗ್ರಾಂ ಬಂದು ದಶಕಗಳಾಗಿದ್ದರೂ ಆ ಮನೆಯೊಳಗೆ ಸಿದ್ದೆಯದೇ ರಾಜ್ಯ. ಮೀನು ಸಾರು ಮಾಡಿದ ದಿನ ತುಂಡುಗಳನ್ನು ಎಣಿಸುವಳು. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಮಾವಂದಿರು ಕೂಣಿ ಒಡ್ಡಿ ಹಿಡಿದು ತಂದ ರಾತ್ರಿ ನಮಗೆಲ್ಲ ಹಬ್ಬ. ಹಿಡಿದು ತಂದವರಿಗೆ ದೊಡ್ಡ ತುಂಡು ಎಂಬ ಮಾತು ಎಲ್ಲ ಮನೆಯಲ್ಲೂ ನಡೆಯುತ್ತದೆ, ಅಲ್ಲಿ ನಡೆಯುತ್ತಿರಲಿಲ್ಲ. ಹಿಡಿದವರು ಹಿಡಿದರು, ಕೊಯ್ದವರು ಕೊಯ್ದರು, ಅರೆದವರು ಅರೆದರು, ತಲೆಗೊಂದು ಪಾಲು ಎನ್ನುವಳು. ಗಂಡುಮಕ್ಕಳಿಗೆ ತಲೆ ಭಾಗ, ಹೆಣ್ಣುಮಕ್ಕಳಿಗೆ ಬಾಲ ಎಂಬುದೂ ಇರಲಿಲ್ಲ. ಒಂದು ಸಲ ನನಗೆ ಬಂದದ್ದು ಮುಂದಿನ ಸಲ ಮಾವನ ಮಗನಿಗೆ. ಯಾರಿಗೆ ಯಾವಾಗ ಏನು ಬಂದಿತ್ತು ಎಂಬುದನ್ನು ಎಲ್ಲೂ ಬರೆದಿಡದೆ ನೆನಪಿಟ್ಟುಕೊಂಡಿರುತ್ತಿದ್ದಳು. ಅಕ್ಷರ ಬಾರದವಳ ತಲೆಯಲ್ಲಿ ಅಷ್ಟೊಂದು ಲೆಕ್ಕ ಎಲ್ಲಿ ಕೂರುತ್ತಿತ್ತೋ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಹೇಳಬೇಕು. ಅಜ್ಜಿ ಬಡಿಸುವ ಮುಂಚೆ ತನ್ನ ಬಟ್ಟಲಿಗೆ ತನ್ನ ಪಾಲನ್ನು ಹಾಕಿ, ಮುಚ್ಚಿ, ಒಲೆಯ ಬದಿಗೆ ಇಡುತ್ತಿದ್ದಳು. ಅತ್ತೆಯರ ಪಾಲನ್ನೂ ಹಾಗೆಯೇ. ಆಮೇಲೆ ಗಂಡಸರಿಗೂ ಮಕ್ಕಳಿಗೂ ಬಡಿಸುವಳು. ಹೊಸದಾಗಿ ಮದುವೆಯಾಗಿ ಬಂದ ಚಿಕ್ಕತ್ತೆ ಇದನ್ನು ಕಂಡು ಗಾಬರಿಯಾಗಿದ್ದಳಂತೆ. ಅವಳ ತವರಿನಲ್ಲಿ ಎಲ್ಲರೂ ಉಂಡೆದ್ದ ಮೇಲೆ ಹೆಂಗಸರು ಪಾತ್ರೆಯ ತಳ ಕೆರೆದುಕೊಳ್ಳುವುದು, ಸಾಲದಿದ್ದರೆ ಮಜ್ಜಿಗೆ ಕುಡಿದು ಮಲಗುವುದು, ಅದನ್ನೇ ಒಳ್ಳೆಯ ಸೊಸೆಯ ಲಕ್ಷಣ ಎಂದು ಕಲಿಸಿದ್ದರು. ಅಜ್ಜಿ ಹೇಳಿದ್ದು ಇಷ್ಟೇ: "ತಳ ಕೆರೆದು ಉಂಬುದು ಪುಣ್ಯ ಅಲ್ಲ. ನಾಳೆ ಗದ್ದೆಗೆ ಇಳಿಯೋಳು ನೀನು. ನಿನ್ನ ಹೊಟ್ಟೆಗೆ ಎಷ್ಟು ಬೇಕೋ ಅಷ್ಟು ಮೊದ್ಲೇ ತೆಗೆದಿಡು." ಚಿಕ್ಕತ್ತೆಗೆ ಈಗ ಅರವತ್ತು ದಾಟಿದೆ. ಈ ಮಾತನ್ನು ಹೇಳುವಾಗ ಇವತ್ತಿಗೂ ಅವಳ ದನಿ ನಡುಗುತ್ತದೆ. ತನ್ನ ಹೊಟ್ಟೆಯನ್ನೂ ಲೆಕ್ಕಕ್ಕೆ ತಗೊಂಡ ಮೊದಲ ಮನುಷ್ಯಳು ಅತ್ತೆಯೇ ಎನ್ನುತ್ತಾಳೆ.

ತನಗೆಂದು ಏನನ್ನೂ ಇಟ್ಟುಕೊಳ್ಳದ ಜೀವ ಎಂದವರಿಗೆ ನಾನು ಆ ಮುಚ್ಚಿಟ್ಟ ಬಟ್ಟಲನ್ನು ತೋರಿಸಬೇಕಿತ್ತು.

ಅರವತ್ತರ ದಶಕದ ನಡುವೆ ದೇಶದಲ್ಲೆಲ್ಲ ಧಾನ್ಯದ ಕೊರತೆ. ಅದೇ ಹೊತ್ತಿಗೆ ನಮ್ಮವರು ಮುಳುಗಡೆಯಾಗಿ ಹೊಸ ಜಾಗಕ್ಕೆ ಬಂದಿದ್ದರು. ಗದ್ದೆ ಒಡೆಯರ ಹೆಸರಿನಲ್ಲಿದ್ದದ್ದರಿಂದ ಗದ್ದೆಯ ಪರಿಹಾರ ಒಡೆಯರಿಗೆ ಹೋಯಿತು. ಅಜ್ಜನ ಕೈಗೆ ಬಂದದ್ದು ಮನೆಯ ತೊಲೆ, ಜಂತಿ, ಬಾಗಿಲುಗಳನ್ನು ಕಿತ್ತು ಗಾಡಿಗೆ ಹೇರಿಕೊಳ್ಳುವ ಸ್ವಾತಂತ್ರ್ಯ. ದೂರದ ನೆಂಟರ ಆಸರೆ ಹಿಡಿದು ವರದೆಯ ಬಯಲಿಗೆ ಬಂದು ಮತ್ತೆ ಗೇಣಿಗೇ ಗದ್ದೆ ಹಿಡಿದರು. ಮೊದಲ ಮಳೆಗಾಲ ಸೋಗೆ ಮಾಡಿನ ಗುಡಿಸಲಿನಲ್ಲಿ ಕಳೆಯಿತು. ಆ ಮಳೆಗಾಲದಲ್ಲಿ ತೊಟ್ಟಿಲಿನ ಮಗು ಜ್ವರದಲ್ಲಿ ಹೋಯಿತು. ನನ್ನ ಅವ್ವ ಹಿರಿಯವಳು, ಅವಳಿಗೆ ಆಗ ಆರು ವರ್ಷವಿರಬೇಕು. ಅವಳ ನೆನಪಿನಲ್ಲಿ ಆ ವರ್ಷದ ಊಟವೆಂದರೆ ಕಳಲೆ, ಕೆಸುವಿನ ಗೆಡ್ಡೆ, ಹಲಸಿನ ಬೀಜ, ಬೈನೆ ಮರದ ಹಿಟ್ಟಿನ ಅಂಬಲಿ. ಅಕ್ಕಿ ಇತ್ತು, ಸ್ವಲ್ಪ. ಅದನ್ನೂ ಅಜ್ಜಿ ದಿನಕ್ಕಿಷ್ಟೆಂದು ಅಳೆದು ತೆನೆಗಟ್ಟುವ ತನಕ ಎಳೆದು ತಂದಳು. ಗಂಜಿಯಲ್ಲಿ ಅಗುಳು ಎಲ್ಲರ ಬಟ್ಟಲಿಗೂ ಸಮನಾಗಿ ಬೀಳುವಂತೆ ತಳದಿಂದ ಮಗುಚಿ ಮಗುಚಿ ಬಡಿಸುತ್ತಿದ್ದಳಂತೆ. ಹಸಿವಿತ್ತು, ಆದರೆ ಒಬ್ಬರಿಗಿಂತ ಒಬ್ಬರಿಗೆ ಹೆಚ್ಚು ಹಸಿವಿರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಮಕ್ಕಳಿಗೆ ತಾಯಿ ಕೊಡಬಹುದಾದ ನೆಮ್ಮದಿಯಲ್ಲಿ ಅದಕ್ಕಿಂತ ದೊಡ್ಡದು ಯಾವುದಿದೆಯೋ ನಾನರಿಯೆ.

ಆ ಮಗುವಿನ ಬಗ್ಗೆ ಅಜ್ಜಿ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಆರು ಎನ್ನುತ್ತಿದ್ದಳು. ಜನಗಣತಿಗೆ ಬಂದ ಮೇಷ್ಟ್ರು ಹೆಸರು ಬರೆಯುತ್ತಾ ಐದಕ್ಕೆ ನಿಂತು ಮುಖ ನೋಡಿದರೆ, "ಇದ್ದದ್ದು ಐದು, ಹೆತ್ತದ್ದು ಆರು. ಎರಡನ್ನೂ ಬರಕಳಿ" ಎಂದಳು. ಅವರ ಹಾಳೆಯಲ್ಲಿ ಅದಕ್ಕೆ ಜಾಗವಿತ್ತೋ ಇಲ್ಲವೋ. ಅವಳ ಲೆಕ್ಕದಲ್ಲಿ ಮಾತ್ರ ಆ ಮಗುವಿನ ಜಾಗ ಎಂದೂ ತೆರವಾಗಲಿಲ್ಲ.

ಬರ ಬಿದ್ದ ವರ್ಷ ಲಿಂಗನಮಕ್ಕಿಯ ನೀರು ತೀರಾ ಕೆಳಗಿಳಿದರೆ ಹಳೆಯ ಮಡೆನೂರು ಕಟ್ಟೆ ಮೇಲೆ ಬರುತ್ತದೆ. ಅಂಥ ಒಂದು ಬೇಸಿಗೆಯಲ್ಲಿ ನಾವು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಅವಳೇ ಕೇಳಿದ್ದಳು. ಕಲ್ಲಿನ ಆ ಗೋಡೆ ಅಷ್ಟು ವರ್ಷ ನೀರಲ್ಲಿದ್ದೂ ಗಟ್ಟಿಯಾಗಿ ನಿಂತಿತ್ತು. ಸುತ್ತ ಒಣಗಿ ಬಿರಿದ ಕೆಸರಿನ ಬಯಲು, ಅದರ ತುಂಬ ಕಪ್ಪು ಬಿದ್ದ ಮರದ ಬೊಡ್ಡೆಗಳು. ನೋಡಲು ಬಂದ ಹುಡುಗರು ಕಟ್ಟೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಜ್ಜಿ ಅತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೋಲೂರಿ ಬೊಡ್ಡೆಗಳ ನಡುವೆ ನಡೆಯತೊಡಗಿದಳು. ಇದು ಹೊನ್ನೆ, ಇದು ಮತ್ತಿ, ಇದು ನಂದಿ ಎಂದು ಬೊಡ್ಡೆ ಮುಟ್ಟಿ ಹೇಳಿದಳು. ದಿಣ್ಣೆಯ ಇಳಿಜಾರು ನೋಡಿ ದಾರಿ ಎಲ್ಲಿತ್ತು, ಕೆರೆ ಎಲ್ಲಿತ್ತು ಎಂದು ತೋರಿಸಿದಳು. ಒಂದು ಕಡೆ ಕುಕ್ಕುರುಗಾಲಲ್ಲಿ ಕೂತು ಒಂದು ಹೆಂಟೆ ಒಡೆದು ಮಣ್ಣನ್ನು ಬೆರಳಲ್ಲಿ ತಿಕ್ಕಿ, "ಒಳ್ಳೇ ಮಣ್ಣು. ಇವತ್ತು ಬಿತ್ತಿದ್ರೂ ಬೆಳಿತದೆ" ಎಂದಳು. ಒರಳು ಸಿಗಲಿಲ್ಲ. ಅವಳ ಊರು ಇನ್ನೂ ಒಳಗೆ, ನೀರಿನ ಕೆಳಗೇ ಇತ್ತು. ಅದು ಎತ್ತ ಎಂದು ಕೈ ತೋರಿಸಿ, ಅಲ್ಲಿಂದ ಇಲ್ಲಿಗೆ ಭತ್ತದ ಹೊರೆ ಹೊತ್ತು ಎಷ್ಟು ಹೊತ್ತಿಗೆ ಬರುತ್ತಿದ್ದೆವು ಎಂದು ವಿವರಿಸಿದಳು. ಭೂಮಿಯನ್ನು ಅಷ್ಟು ಹತ್ತಿರದಿಂದ ಬಲ್ಲ ಅವಳ ಹೆಸರು ಆವರೆಗೆ ಯಾವ ಪಹಣಿಯಲ್ಲೂ ಇರಲಿಲ್ಲ ಎಂದು ನೆನೆದಾಗ ಅತ್ತವಳು ನಾನು.

ಪಹಣಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂದಾಗ ಉಳುವವನು ಏಳನೇ ನಮೂನೆಯ ಅರ್ಜಿ ಹಾಕಿದರೆ ಗದ್ದೆ ಅವನದಾಗುವ ಕಾನೂನು ಆಯಿತು. ಅಜ್ಜ ಹಿಂದೆ ಮುಂದೆ ನೋಡಿದ. ಒಡೆಯರ ಎದುರು ನಿಲ್ಲುವುದು ಆಗ ಸಣ್ಣ ಮಾತಲ್ಲ. ಅಂಗಳದಲ್ಲಿ ಕಂಡರೆ ಕೈಮುಗಿದು ಅಭ್ಯಾಸವಾದ ಮೈ. ಎಷ್ಟೋ ಮನೆಗಳಲ್ಲಿ ಋಣದ ಮಾತಾಡಿ ಅರ್ಜಿ ಹಾಕದೆಯೇ ಉಳಿದರು. ಅಜ್ಜಿ ಬಿಡಲಿಲ್ಲ. ರಶೀದಿ ಎಂಬುದು ಇರಲೇ ಇಲ್ಲ. ಆದರೆ ಯಾವ ವರ್ಷ ಯಾವ ಗದ್ದೆಗೆ ಎಷ್ಟು ಗೇಣಿ ಅಳೆದೆವು, ಅಳೆಯುವಾಗ ಪಕ್ಕದಲ್ಲಿ ಯಾರು ನಿಂತಿದ್ದರು, ಆ ವರ್ಷ ಮಳೆ ಹೇಗಿತ್ತು ಎಂಬುದೆಲ್ಲ ಅವಳ ಬಾಯಲ್ಲಿತ್ತು. ರಾತ್ರಿಯೆಲ್ಲ ಅಜ್ಜನಿಗೆ ಅದನ್ನು ಹೇಳಿಕೊಟ್ಟು ಬೆಳಿಗ್ಗೆ ಸೊರಬಕ್ಕೆ ಕಳಿಸಿದಳು. ಭೂನ್ಯಾಯ ಮಂಡಳಿಯ ಮುಂದೆ ಅಜ್ಜ ಹೇಳಿದ್ದೆಲ್ಲ ಅವಳ ಲೆಕ್ಕ. ಗದ್ದೆ ಅವನ ಹೆಸರಿಗೆ ಬಂತು. ಅವಳ ಹೆಸರು ಬರಲಿಲ್ಲ. ಅವತ್ತು ಅದನ್ನು ಕೇಳುವುದು ಯಾರಿಗೂ ಹೊಳೆದಿರಲಿಕ್ಕಿಲ್ಲ, ಅವಳಿಗೂ.

ಬಾಣಂತನದ ಬಗ್ಗೆ ಬರೆಯದಿದ್ದರೆ ಅಜ್ಜಿಯ ಕಥೆ ಅರ್ಧವೂ ಆಗದು. ಮೂವರು ಹೆಣ್ಣುಮಕ್ಕಳು, ಇಬ್ಬರು ಸೊಸೆಯರು, ಆಮೇಲೆ ನನ್ನಂಥ ಮೊಮ್ಮಕ್ಕಳು, ಎಲ್ಲರ ಬಾಣಂತನವೂ ಅವಳ ಕೈಯಲ್ಲೇ ಆಯಿತು. ಹೆರಿಗೆ ಆಸ್ಪತ್ರೆಯಲ್ಲಿ ಎಂಬುದನ್ನು ಅವಳು ಮೊದಲೇ ಒಪ್ಪಿಕೊಂಡಿದ್ದಳು. ಮನೆಯಲ್ಲಿ ಹೆತ್ತ ಕಾಲದ ಸಾವುಗಳನ್ನು ಕಂಡಿದ್ದಳಲ್ಲ. ಮನೆಗೆ ಬಂದ ಮೇಲಿನದು ಮಾತ್ರ ಅವಳ ಅಧಿಕಾರ. ಬಚ್ಚಲಿನ ಹಂಡೆಗೆ ನಸುಕಿನಲ್ಲೇ ಬೆಂಕಿ. ಕೊಬ್ಬರಿ ಎಣ್ಣೆ ಹಚ್ಚಿ ನಡು, ತೊಡೆ, ಹೆಗಲನ್ನು ತಿಕ್ಕಿ ಬಿಸಿನೀರು ಎರೆಯುವಳು. ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿಯ ಸಾರು, ತುಪ್ಪ, ಬೆಚ್ಚನೆಯ ಅನ್ನ. ಮಗುವನ್ನು ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿಸಿ ನೀರು ಹಾಕುವಾಗ ಅವಳ ಮೊಣಕೈಯೇ ಥರ್ಮಾಮೀಟರು. ಮೀಯಿಸಿ, ಒರೆಸಿ, ಲೋಬಾನದ ಹೊಗೆ ತೋರಿಸಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಇಟ್ಟಳೆಂದರೆ ಮಗು ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ಅವಳಿಗೆ ಎಪ್ಪತ್ತರ ಹತ್ತಿರ. ಆದರೂ ಹಂಡೆಯ ಮುಂದೆ ಕೂತಳು. ಆ ಕೈಗಳ ಬಿಸಿ ಬೆನ್ನಿನ ಮೇಲೆ ಬಿದ್ದಾಗ ನನಗೆ ಬಂದ ಧೈರ್ಯ ಎಂಥದೆಂದು ಹೆತ್ತವರಿಗಷ್ಟೇ ಗೊತ್ತು.

ಅದರಲ್ಲೂ ಅಳತೆಯಿತ್ತು. ಮಗಳಿಗೆ ಎಷ್ಟು ದಿನದ ಆರೈಕೆಯೋ ಸೊಸೆಗೂ ಅಷ್ಟೇ ದಿನ. ಮೊದಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ಪದ್ಧತಿ. ದೊಡ್ಡತ್ತೆಗೆ ತಾಯಿ ಇರಲಿಲ್ಲ. ಅವಳನ್ನು ಅಣ್ಣನ ಮನೆಗೆ ಕಳಿಸಲು ಅಜ್ಜಿ ಒಪ್ಪಲಿಲ್ಲ. "ಇಲ್ಲಿ ಹೆರ್ತಾಳೆ, ನಾನಿದ್ದೀನಿ" ಎಂದಳು. ಗಂಡು ಹುಟ್ಟಿದರೂ ಹೆಣ್ಣು ಹುಟ್ಟಿದರೂ ತುಪ್ಪದ ಗಿಂಡಿ ಒಂದೇ. ಊರಲ್ಲಿ ಹೆಣ್ಣು ಹೆತ್ತವಳ ಮೂರನೇ ವಾರಕ್ಕೇ ಸೊಂಟಕ್ಕೆ ಕೊಡ ಹೊರಿಸುವ ಮನೆಗಳಿದ್ದವು. ಅಂಥ ಮನೆಯ ಅತ್ತೆಯರ ಜೊತೆ ಅಜ್ಜಿ ಬಾವಿಕಟ್ಟೆಯಲ್ಲೇ ಜಗಳ ಆಡುತ್ತಿದ್ದಳು. ದನಿ ಎತ್ತರಿಸಿ ಅಲ್ಲ. ಹೆಣ್ಣು ಹೆತ್ತರೆ ನೋವು ಕಡಿಮೆ ಬರುತ್ತದೆಯೇ ಎಂದು ಕೇಳಿ ಉತ್ತರಕ್ಕೆ ಕಾಯುತ್ತಾ ನಿಂತುಬಿಡುವಳು.

ಗಿರೀಶ ಕಾಸರವಳ್ಳಿಯವರ 'ದ್ವೀಪ' ಚಿತ್ರವನ್ನು ಅವಳ ಜೊತೆ ಟಿವಿಯಲ್ಲಿ ನೋಡಿದ್ದು ನನ್ನ ಜೀವನದ ಭಾಗ್ಯಗಳಲ್ಲಿ ಒಂದು. ಸಾಗರದಲ್ಲೇ ಇದ್ದು ಮುಳುಗಡೆಯ ಜನರನ್ನು ಕಣ್ಣಾರೆ ಕಂಡು ಬರೆದ ನಾ. ಡಿಸೋಜರ ಕಾದಂಬರಿ ಅದು. ಚಿತ್ರಕ್ಕೆ ಸ್ವರ್ಣಕಮಲ ಬಂದಿತ್ತು. ನೀರು ಏರುತ್ತಾ ಬಂದು ಮನೆ ದ್ವೀಪವಾಗುತ್ತದೆ. ಸೌಂದರ್ಯ ಮಾಡಿದ ನಾಗಿಯ ಪಾತ್ರ ಆ ಮಳೆಯಲ್ಲಿ ಮನೆಯನ್ನು, ಗಂಡನನ್ನು ಕಾಪಾಡಲು ಇನ್ನಿಲ್ಲದಂತೆ ಹೆಣಗುತ್ತದೆ. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು, ಕಣ್ಣು ಮಿಟುಕಿಸದೆ ನೋಡಿದಳು. ಕೊನೆಗೆ ಗಂಡ ಬದುಕುಳಿದದ್ದಕ್ಕೆಲ್ಲ ದೇವರ ಕೃಪೆ ಕಾರಣ ಎಂದಾಗ ಅವಳು ಟಿವಿಯತ್ತ ಕೈ ಚಾಚಿ, "ಅಷ್ಟೆಲ್ಲ ಮಾಡಿದ್ದು ಅವಳು. ಅದನ್ನ ಅವಳ ಲೆಕ್ಕಕ್ಕೆ ಬರಿಯದು ಬಿಟ್ಟು ದೇವರ ಲೆಕ್ಕಕ್ಕೆ ಎಂತಕ್ಕೆ ಬರಿತಾನೆ?" ಎಂದಳು. ದೇವರಲ್ಲಿ ಭಕ್ತಿ ಇಲ್ಲದವಳಲ್ಲ. ಹಿನ್ನೀರಿನಾಚೆಯ ಸಿಗಂದೂರಿನ ಗುಡಿಗೆ ಹೋಗುವಾಗ ಲಾಂಚಿನಲ್ಲಿ ನಿಂತು ನೀರಿಗೆ ಕೈಮುಗಿಯುತ್ತಿದ್ದಳು. ಆದರೆ ಕೆಲಸ ಯಾರದೋ ಅವರ ಹೆಸರಿಗೇ ಬರೆಯಬೇಕು ಎಂಬುದು ಅವಳ ನ್ಯಾಯ. ಎಲ್ಲವನ್ನೂ ತಾಯಿಯ ಮಹಿಮೆ, ತಾಯಿಯ ಕರುಣೆ ಎಂದು ಹಾಡಿ ಹೊಗಳುವಾಗ ನಾವೂ ಆ ಗಂಡನ ಹಾಗೆಯೇ ಮಾಡುತ್ತೇವೇನೋ ಎಂದು ನನಗೆ ಅಂದಿನಿಂದ ಅಳುಕು. ಅವಳು ಅಷ್ಟು ಜನರನ್ನು ಬದುಕಿಸಿದ್ದು ಮಹಿಮೆಯಿಂದಲ್ಲ, ತಿಳಿವಳಿಕೆಯಿಂದ. ಯಾವ ಗೆಡ್ಡೆಯನ್ನು ಎಷ್ಟು ಹೊತ್ತು ಬೇಯಿಸಿದರೆ ನಂಜು ಹೋಗುತ್ತದೆ, ಕಳಲೆಯನ್ನು ಎಷ್ಟು ನೀರು ಬದಲಿಸಿ ನೆನೆಸಬೇಕು, ಯಾವ ಬೀಜ ಯಾವ ಗದ್ದೆಗೆ ಒಗ್ಗುತ್ತದೆ ಎಂಬುದು ಕಲಿತು ಬರುವ ವಿದ್ಯೆ.

ಬೀಜದ ವಿದ್ಯೆಯಂತೂ ದೊಡ್ಡದು. ವರದೆಯ ಬಯಲು ಮಳೆಗಾಲದಲ್ಲಿ ಮುಳುಗುತ್ತದೆ. ಹೊಸ ತಳಿಗಳು ಬಂದಾಗ ಮಾವಂದಿರು ಅತ್ತ ವಾಲಿದರು. ನೆರೆ ಬಂದ ವರ್ಷ ಅವು ಕೊಳೆತು ಹೋದವು. ಅಜ್ಜಿ ಮಾತ್ರ ಒಂದು ಗದ್ದೆಯಷ್ಟಾದರೂ ನೆರೆಗುಳಿ ಭತ್ತ ಬಿಡದಂತೆ ನೋಡಿಕೊಂಡಳು. ನೆರೆಯ ನೀರಲ್ಲಿ ದಿನಗಟ್ಟಲೆ ಮುಳುಗಿದರೂ ನೀರಿಳಿದ ಮೇಲೆ ತಲೆ ಎತ್ತುವ ಹಳೆಯ ತಳಿ ಅದು. ಕೆಂಪಕ್ಕಿ. ಇಳುವರಿ ಕಡಿಮೆ, ಆದರೆ ಕೈಬಿಡದು. ಎರಡು ಸಲ ಮುಳುಗಡೆ ಕಂಡವಳು ಆ ಬೀಜವನ್ನು ಮಡಕೆಯಲ್ಲಿ ಬೂದಿ ಬೆರೆಸಿ ಅಟ್ಟದ ಮೇಲೆ ಇಟ್ಟು ಕಾಪಾಡಿದಳು.

ಅಜ್ಜ ಹೋದ ಮೇಲೆ ಪಾಲಿನ ಮಾತು ಬಂತು. ನಮ್ಮ ಕಡೆ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳನ್ನು ಕರೆಸಿ, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ಸಹಿ ಹಾಕದವಳಿಗೆ ತವರಿನ ಬಾಗಿಲು ಮುಚ್ಚಿತೆಂದೇ ಅರ್ಥ. ಕಾನೂನು ಅಷ್ಟೊತ್ತಿಗೆ ಬದಲಾಗಿತ್ತು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇರಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ಅಜ್ಜಿಗೆ ಈ ಇಸವಿಗಳು ಗೊತ್ತಿರಲಿಲ್ಲ. ಮಾವಂದಿರು ಪತ್ರ ಬರೆಸಿಕೊಂಡು ಬಂದ ಸಂಜೆ ಅವಳು ಜಗಲಿಯಲ್ಲಿ ಕೂತು, ಮಕ್ಕಳೆಲ್ಲರನ್ನೂ ಕರೆದು, ಒಳಗಿನಿಂದ ಸಿದ್ದೆ ತರಿಸಿ ಎದುರಿಗೆ ಇಟ್ಟುಕೊಂಡಳು. "ಇದರಲ್ಲಿ ನಿಮಗೆಲ್ಲ ಅಳೆದು ಹಾಕಿದೀನಿ. ಉಂಬಾಗ ಹೆಣ್ಣಿಗೊಂದು ಗಂಡಿಗೊಂದು ಅಳತೆ ಇತ್ತನಾ? ಈಗ ಎಂತಕ್ಕೆ ಬರ್ತದೆ?" ದೊಡ್ಡ ಮಾವ ಸಿಟ್ಟಾದ. ಗೇಯ್ದವರು ನಾವು, ದುಡ್ಡು ಹಾಕಿದವರು ನಾವು ಎಂದ. ಅವನ ಮಾತಿನಲ್ಲೂ ಸತ್ಯವಿತ್ತು. ವರ್ಷಗಟ್ಟಲೆ ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನು ಅವನೇ. ಅಜ್ಜಿ ಅದನ್ನೂ ಲೆಕ್ಕಕ್ಕೆ ತಗೊಂಡಳು. ಗೇಯ್ದದ್ದಕ್ಕೆಂದು ಅಡಿಕೆ ಹಾಕಿದ ತೋಟವನ್ನು ಗಂಡುಮಕ್ಕಳಿಗೇ ಬಿಟ್ಟು, ಗದ್ದೆಯಲ್ಲಿ ಐವರಿಗೂ ಸಮಪಾಲು ಮಾಡಿಸಿದಳು. ತನಗೂ ಒಂದು ಪಾಲು ಇಡಿಸಿಕೊಂಡಳು. ಊಟಕ್ಕೆ ಮೊದಲು ತನ್ನ ಬಟ್ಟಲು ತೆಗೆದಿಟ್ಟವಳು ಭೂಮಿಯಲ್ಲೂ ತೆಗೆದಿಟ್ಟಳು. ಆ ಪಹಣಿಯಲ್ಲಿ ಮೊದಲ ಸಲ ಅವಳ ಹೆಸರು ಬಂತು. ಕೆಲವು ವರ್ಷ ದೊಡ್ಡ ಮಾವ ತಾಯಿಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅದು ಅವಳಿಗೆ ನೋವಿನ ಸಂಗತಿ. ಅವನಿಗೆ ಇಷ್ಟವಾದ ಕೊಟ್ಟೆ ಕಡುಬು ಮಾಡಿದಾಗಲೆಲ್ಲ ಅವನ ಪಾಲನ್ನು ತಾನೇ ಒಯ್ದು ಕೊಡುತ್ತಿದ್ದಳು. ಪಾಲು ಮಾತ್ರ ಬದಲಿಸು ಎಂದರೆ ಆಗದು ಎನ್ನುತ್ತಿದ್ದಳು.

ಆಮೇಲೆ ಮದುವೆಯಾಗಿ ಹೋದ ಕಿರಿಯ ಚಿಕ್ಕಮ್ಮನ ಗಂಡ ಈ ಪಾಲಿಗೂ ಮುಂಚೆಯೇ ತೀರಿಕೊಂಡಿದ್ದರು. ಗಂಡನ ಮನೆಯಲ್ಲಿ ನಿಲ್ಲಲಾಗದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ತವರಿಗೆ ಹಾಗೆ ಬಂದ ಹೆಣ್ಣುಮಕ್ಕಳು ಅಣ್ಣಂದಿರ ಮನೆಯ ಮೂಲೆಯಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನು ನಾನು ನಮ್ಮ ಓಣಿಯಲ್ಲೇ ಬೇಕಾದಷ್ಟು ನೋಡಿದ್ದೇನೆ. ಚಿಕ್ಕಮ್ಮ ಹಾಗೆ ಬದುಕಬೇಕಾಗಲಿಲ್ಲ. ಅವಳ ಗದ್ದೆ ಅವಳದಾಯಿತು. ನನ್ನ ಅವ್ವನೂ ನಡುವಿನ ಚಿಕ್ಕಮ್ಮನೂ ತಮ್ಮ ಪಾಲನ್ನು ಅವಳಿಗೇ ಮಾಡಲು ಕೊಟ್ಟರು. ಆ ಭತ್ತದಿಂದ ಅವಳ ಮಕ್ಕಳು ಓದಿದರು, ಒಬ್ಬಳು ಈಗ ಶಿವಮೊಗ್ಗದಲ್ಲಿ ನರ್ಸ್.

ಅಜ್ಜಿ ಹೋದದ್ದು 2024ರ ಮಳೆಗಾಲದಲ್ಲಿ. ಮರುವರ್ಷ ಜುಲೈ 14ರಂದು ಶರಾವತಿಯ ಹಿನ್ನೀರಿಗೆ ಸೇತುವೆ ತೆರೆಯಿತು. ಆಚೆ ದಡದ ತುಮರಿಯವರು, ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯುವುದು ತಪ್ಪಿತು. ನೀರು ಕಡಿದುಹಾಕಿದ ದಾರಿ ಅರವತ್ತು ವರ್ಷದ ಮೇಲೆ ಕೂಡಿತು. ಮುಳುಗಡೆಯವರ ಹಕ್ಕುಪತ್ರದ ಮಾತು ಇನ್ನೂ ಮುಗಿದಿಲ್ಲ. ಅವಳಿದ್ದಿದ್ದರೆ ಸೇತುವೆ ನೋಡಿ ಸಂತೋಷಪಟ್ಟು, ಆ ಹಕ್ಕುಪತ್ರ ಎಲ್ಲಿ ಎಂದು ಕೇಳದೆ ಬಿಡುತ್ತಿರಲಿಲ್ಲ.

ಭೂಮಿ ಹುಣ್ಣಿಮೆಯ ದಿನ ನಸುಕಿನಲ್ಲಿ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವುದು, ಬಸುರಿ ಭೂಮಿಗೆ ಬಯಕೆಯೂಟ ಬಡಿಸಿ ಚರಗ ಚೆಲ್ಲುವುದು ನಮ್ಮಲ್ಲಿ ಗಂಡಸರ ಕೆಲಸ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನಿಂದ ಹಸೆ ಚಿತ್ತಾರ ಬರೆಯುವುದು, ರಾತ್ರಿಯಿಡೀ ಅಡಿಗೆ ಮಾಡುವುದು ಹೆಂಗಸರ ಕೆಲಸ. ಕಳೆದ ಭೂಮಿ ಹುಣ್ಣಿಮೆಗೆ ಚಿಕ್ಕಮ್ಮ ತನ್ನದೇ ಬುಟ್ಟಿ ಬರೆದಳು. ಎಳೆಗಳು ಅಜ್ಜಿಯಷ್ಟು ನೇರ ಬರಲಿಲ್ಲ ಎಂದು ದೊಡ್ಡತ್ತೆ ತಪ್ಪು ಹುಡುಕಿದಳು, ಇಬ್ಬರಿಗೂ ಸ್ವಲ್ಪ ವಾದವೂ ಆಯಿತು. ಬುಟ್ಟಿ ಯಾರು ಹೊರುವುದು ಎಂದು ಕಿರಿಯ ಮಾವ ಕೇಳಿದಾಗ, "ನನ್ನ ಗದ್ದೆಗೆ ನಾನೇ ಹೊರ್ತೀನಿ" ಎಂದು ಚಿಕ್ಕಮ್ಮ ಸಿಂಬೆ ಸುತ್ತಿ ತಲೆಗಿಟ್ಟಳು. ಎದುರಿಗೆ ದೊಂದಿ ಹಿಡಿದು ನಡೆದವನು, ಅಷ್ಟು ವರ್ಷ ಮುನಿಸಿಕೊಂಡಿದ್ದ ದೊಡ್ಡ ಮಾವ. ಆ ಸಲದ ನೆರೆಯಲ್ಲಿ ಸುತ್ತಲಿನ ಗದ್ದೆಗಳು ಕೊಳೆತಿದ್ದವು. ಚಿಕ್ಕಮ್ಮನ ಗದ್ದೆಯಲ್ಲಿ ನೆರೆಗುಳಿ ಹೊಡೆ ತುಂಬಿ ನಿಂತಿತ್ತು. ಮಾವ ಬದುವಿನ ಮೇಲೆ ನಿಂತು, ಮುಂದಿನ ವರ್ಷಕ್ಕೆ ತನಗೂ ಎರಡು ಕೊಳಗ ಬೀಜ ಬೇಕು ಎಂದು ಕೇಳಿದ. ಚಿಕ್ಕಮ್ಮ ಅಳೆದು ಕೊಡುತ್ತೇನೆ ಎಂದಳು.